ಪ್ಯಾಲೆಸ್ತೀನಿಗೆ ವಿಶ್ವಸಂಸ್ಥೆಯ ಬಾಗಿಲು ಯಾಕೆ ತೆರೆಯಬೇಕು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ. ಶಿಬಿರಕ್ಕೆ ಬರಲಾಗದ ಗೆಳೆಯರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)

ಗೆಳೆಯರೇ,

ಮೆಸ್ಸಿನ ಸಾರು ನೀರಾಗಿದೆ, ಸ್ಕಾಲರ್‌ಶಿಪ್ ಇನ್ನೂ ಕೈಗೆ ಬಂದಿಲ್ಲ, ಪರೀಕ್ಷೆ ತಲೆ ಮೇಲೆ ಕೂತಿದೆ. ಇಂಥ ಹೊತ್ತಲ್ಲಿ ಸಾವಿರಾರು ಮೈಲಿ ಆಚೆ ಇರೋ ಪ್ಯಾಲೆಸ್ತೀನಿನ ಮಾತು ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿ ಆಮೇಲೆ ಮುಂದಕ್ಕೆ ಹೋಗ್ತೀವಿ.

1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರಿಗೆ ಒಂದು ಕಾಗದ ಬರೆದರು. ಆಗ ವಿಶ್ವಸಂಸ್ಥೆ ಹುಟ್ಟಿ ವರ್ಷ ಕೂಡ ತುಂಬಿರಲಿಲ್ಲ. ಅಮೆರಿಕದ ಕರಿಯರು ಆ ಸಂಸ್ಥೆಗೆ ಒಂದು ಅರ್ಜಿ ಕೊಟ್ಟಿದ್ದಾರೆ ಅನ್ನೋ ಸುದ್ದಿ ಅವರಿಗೆ ಗೊತ್ತಾಗಿತ್ತು. ಆ ಅರ್ಜಿಯ ಪ್ರತಿ ಬೇಕು, ಭಾರತದ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ ಬಾಬಾಸಾಹೇಬರು ಬರೆದರು. ಡು ಬಾಯ್ಸ್ ಉತ್ತರವನ್ನೂ ಕೊಟ್ಟರು. ಅಂದರೆ ವಿಶ್ವಸಂಸ್ಥೆಯ ಬಾಗಿಲು ಯಾರಿಗೆ ತೆರೆಯುತ್ತೆ, ಯಾರಿಗೆ ಮುಚ್ಚುತ್ತೆ ಅನ್ನೋದನ್ನ ನಮ್ಮ ಹಿರಿಯರು ಮೊದಲ ದಿನದಿಂದಲೇ ಕಣ್ಣಿಟ್ಟು ನೋಡ್ತಾ ಇದ್ದರು. 2001ರಲ್ಲಿ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ಸಮ್ಮೇಳನ ನಡೆಸಿತು. ಅಲ್ಲಿ ಜಾತಿಯ ಮಾತು ಬರಕೂಡದು ಅಂತ ಅಡ್ಡ ನಿಂತದ್ದು ನಮ್ಮ ದೇಶದ ಸರ್ಕಾರವೇ. ಆ ಸಭೆಯಲ್ಲಿ ಮಾತಾಡೋದು ರಾಜ್ಯಗಳು. ರಾಜ್ಯ ಇಲ್ಲದವರ ಪರವಾಗಿ ಬೇರೆಯವರು ಮಾತಾಡ್ತಾರೆ, ಇಲ್ಲವೇ ಯಾರೂ ಮಾತಾಡೋದಿಲ್ಲ. ಹೊರಗೆ ನಿಂತವರ ಕಷ್ಟ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಆ ನೋವೊಂದನ್ನೇ ಹಿಡಿದುಕೊಂಡು ವಾದ ಮಾಡೋಕೆ ಆಗೋಲ್ಲ. ನಿಯಮ ಏನು, ಚರಿತ್ರೆ ಏನು ಅಂತ ಓದಿಕೊಂಡೇ ಮಾತಾಡಬೇಕು.

ಒಂದೇ ಸಾಲಿನಲ್ಲಿದ್ದವರು

ಒಂದನೇ ಮಹಾಯುದ್ಧದವರೆಗೆ ಪ್ಯಾಲೆಸ್ತೀನ್ ತುರ್ಕರ ಸಾಮ್ರಾಜ್ಯದ ಭಾಗವಾಗಿತ್ತು. ಯುದ್ಧದಲ್ಲಿ ತುರ್ಕಿ ಸೋತಿತು. ಗೆದ್ದ ಬ್ರಿಟನ್ನು ಫ್ರಾನ್ಸುಗಳು ಆ ನಾಡುಗಳನ್ನ ಹಂಚಿಕೊಂಡವು. ಹಂಚಿಕೊಂಡದ್ದಕ್ಕೆ ಒಂದು ಚೆಂದದ ಹೆಸರು ಬೇಕಲ್ಲ, 'ಮ್ಯಾಂಡೇಟ್' ಅಂತ ಕರೆದರು. ಈ ಜನ ಇನ್ನೂ ತಮ್ಮ ಕಾಲ ಮೇಲೆ ನಿಲ್ಲೋಕೆ ಬರೋದಿಲ್ಲ, ಬರೋವರೆಗೆ ನಾವು ನೋಡಿಕೊಳ್ತೀವಿ ಅಂತ ಅದರ ಅರ್ಥ. ಆಗಿನ ರಾಷ್ಟ್ರಸಂಘದ ಒಡಂಬಡಿಕೆಯ 22ನೇ ಕಲಮಿನಲ್ಲೇ, ತುರ್ಕರ ಕೈಯಿಂದ ಬಿಡುಗಡೆಯಾದ ಇಂಥ ಜನಸಮುದಾಯಗಳನ್ನ ಸ್ವತಂತ್ರ ರಾಷ್ಟ್ರಗಳೆಂದು ತಾತ್ಕಾಲಿಕವಾಗಿ ಒಪ್ಪಬಹುದು ಅಂತ ಬರೆದಿತ್ತು.

ಆ ಸಾಲಿನಲ್ಲಿ ಯಾರು ಯಾರು ಇದ್ದರು ನೋಡಿ. ಇರಾಕು, ಸಿರಿಯಾ, ಲೆಬನಾನು, ಜೋರ್ಡಾನ್ ನದಿಯಾಚೆಯ ನಾಡು, ಪ್ಯಾಲೆಸ್ತೀನು. ಇರಾಕು 1932ರಲ್ಲೇ ರಾಷ್ಟ್ರಸಂಘಕ್ಕೆ ಸೇರಿತು. 1945ರಲ್ಲಿ ವಿಶ್ವಸಂಸ್ಥೆ ಕಟ್ಟಿದಾಗ ಇರಾಕು, ಸಿರಿಯಾ, ಲೆಬನಾನುಗಳು ಮೂಲ ಸದಸ್ಯರಾದವು. ಇಸ್ರೇಲು 1949ರಲ್ಲಿ ಸೇರಿತು. ಜೋರ್ಡಾನು 1955ರಲ್ಲಿ ಸೇರಿತು. ಸಾಲಿನಲ್ಲಿ ನಿಂತವರೆಲ್ಲ ಒಳಗೆ ಹೋಗಿ ಕೂತರು. ಪ್ಯಾಲೆಸ್ತೀನ್ ಒಂದೇ ಹೊರಗೆ ಉಳೀತು.

ಉಳಿದದ್ದು ಹೇಗೆ? 1917ರಲ್ಲಿ ಬ್ರಿಟನ್ನಿನ ಮಂತ್ರಿ ಬಾಲ್ಫರ್ ಯೆಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ ಒಂದು ರಾಷ್ಟ್ರೀಯ ನೆಲೆ ಕೊಡಿಸ್ತೀವಿ ಅಂತ ಮಾತು ಕೊಟ್ಟ. ಅಲ್ಲಿದ್ದ ಅರಬರನ್ನ ಯಾರೂ ಕೇಳಲಿಲ್ಲ. ಇಲ್ಲಿ ಒಂದು ಮಾತನ್ನ ಮರೀಬಾರದು. ಯೆಹೂದಿಗಳು ಸುಖಕ್ಕಾಗಿ ಊರು ಬಿಟ್ಟು ಬಂದವರಲ್ಲ. ಯುರೋಪು ಅವರನ್ನ ನೂರಾರು ವರ್ಷ ಬೇರೆ ಕೇರಿಯಲ್ಲಿ ಕೂಡಿಹಾಕಿತ್ತು. 1516ರಲ್ಲಿ ವೆನಿಸ್ ನಗರದಲ್ಲಿ ಗೋಡೆ ಗೇಟು ಇಟ್ಟು ಬೀಗ ಹಾಕಿದ ಕೇರಿಗೇ 'ಗೆಟ್ಟೋ' ಅನ್ನೋ ಹೆಸರು ಮೊದಲು ಬಂದದ್ದು. ಕೊನೆಗೆ ಹಿಟ್ಲರ್ ಅವರಲ್ಲಿ ಸುಮಾರು 60 ಲಕ್ಷ ಜನರನ್ನ ಕೊಂದ. ಆ ಪಾಪ ಯುರೋಪಿನದು. ಅದರ ಬೆಲೆ ಕೊಟ್ಟವರು ಪ್ಯಾಲೆಸ್ತೀನಿನ ರೈತರು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಪ್ಯಾಲೆಸ್ತೀನನ್ನ ಎರಡು ರಾಜ್ಯಗಳಾಗಿ, ಒಂದು ಅರಬರದು ಒಂದು ಯೆಹೂದಿಗಳದು ಅಂತ ಪಾಲು ಮಾಡೋ 181ನೇ ಠರಾವನ್ನ ಪಾಸು ಮಾಡಿತು. ಪರವಾಗಿ 33, ವಿರುದ್ಧ 13, ತಟಸ್ಥರು 10. ಭಾರತ ವಿರುದ್ಧ ಓಟು ಹಾಕಿತು. ಪಾಲು ಬೇಡ, ಎರಡೂ ಜನ ಒಂದೇ ಒಕ್ಕೂಟದಲ್ಲಿ ಬಾಳಲಿ ಅನ್ನೋದು ನಮ್ಮ ದೇಶದ ವಾದವಾಗಿತ್ತು. ಅರಬರು ಆ ಪಾಲನ್ನ ಒಪ್ಪಲಿಲ್ಲ, ಯುದ್ಧ ಆಯ್ತು. ಯುದ್ಧ ಮುಗಿಯೋ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳಕೊಂಡಿದ್ದರು. ಮ್ಯಾಂಡೇಟ್ ನೆಲದ ನೂರಕ್ಕೆ ಸುಮಾರು 78 ಪಾಲು ಇಸ್ರೇಲಿನ ಕೈಯಲ್ಲಿತ್ತು. ಉಳಿದ ಪಶ್ಚಿಮ ದಂಡೆ ಜೋರ್ಡಾನಿನ ಕೈಗೆ, ಗಾಜಾ ಈಜಿಪ್ಟಿನ ಕೈಗೆ ಹೋಯಿತು. 1967ರ ಯುದ್ಧದಲ್ಲಿ ಅವನ್ನೂ, ಪೂರ್ವ ಜೆರುಸಲೇಮನ್ನೂ ಇಸ್ರೇಲು ಹಿಡಿದುಕೊಂಡಿತು. ಹುಟ್ಟಬೇಕಿದ್ದ ಎರಡು ರಾಜ್ಯಗಳಲ್ಲಿ ಒಂದು ಹುಟ್ಟಿ ವಿಶ್ವಸಂಸ್ಥೆಯಲ್ಲಿ ಕೂತಿದೆ. ಇನ್ನೊಂದರ ಹುಟ್ಟಿನ ಕಾಗದ ಅದೇ ಸಂಸ್ಥೆಯ ಕಡತದಲ್ಲೇ ಇದೆ.

ನಿಯಮ ಏನು ಹೇಳುತ್ತೆ?

ವಿಶ್ವಸಂಸ್ಥೆಯ ಸನ್ನದಿನ 4ನೇ ಕಲಮಿನಲ್ಲಿ ಸದಸ್ಯತ್ವದ ನಿಯಮ ಇದೆ. ಬಹಳ ಸಣ್ಣ ಕಲಮು. ಅರ್ಜಿ ಹಾಕಿದ್ದು ಒಂದು ರಾಜ್ಯವಾಗಿರಬೇಕು, ಶಾಂತಿಯನ್ನ ಬಯಸಬೇಕು, ಸನ್ನದಿನ ಹೊಣೆಗಳನ್ನ ಒಪ್ಪಬೇಕು, ಆ ಹೊಣೆಗಳನ್ನ ಹೊರೋ ಶಕ್ತಿ ಇರಬೇಕು, ಮನಸ್ಸೂ ಇರಬೇಕು. ಇಷ್ಟೇ. 1948ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಇದರ ಮೇಲೆ ಒಂದು ಅಭಿಪ್ರಾಯ ಕೊಟ್ಟಿತು. ಈ ಕಲಮಿನಲ್ಲಿ ಇರೋ ಷರತ್ತುಗಳ ಮೇಲೆ ಇನ್ನೊಂದು ಹೊಸ ಷರತ್ತು ಹಾಕಿ ಯಾರನ್ನೂ ತಡೆಯೋ ಹಾಗಿಲ್ಲ ಅಂತ. ನೀನು ಎಲ್ಲಾ ಸರಿ ಇದ್ದೀಯ, ಆದರೆ ನನ್ನ ನೆಂಟನನ್ನೂ ಸೇರಿಸಿಕೊಂಡರೆ ಮಾತ್ರ ನಿನಗೆ ಓಟು ಅನ್ನೋದು ನಡೆಯೋಲ್ಲ ಅಂತ.

ಕಲಮು ಸಣ್ಣದಾದರೂ ದಾರಿಯಲ್ಲಿ ಎರಡು ಬಾಗಿಲಿದೆ. ಮೊದಲನೇದು ಭದ್ರತಾ ಮಂಡಳಿ. 15 ಜನ ಸದಸ್ಯರು. ಅದರಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ 5 ಜನ ಖಾಯಂ. 9 ಓಟು ಬಿದ್ದು, ಈ ಐವರಲ್ಲಿ ಯಾರೂ ವೀಟೋ ಹಾಕದಿದ್ದರೆ ಶಿಫಾರಸು ಆಗುತ್ತೆ. ಆಮೇಲೆ ಎರಡನೇ ಬಾಗಿಲು, ಮಹಾಸಭೆ. ಅಲ್ಲಿ ಮೂರರಲ್ಲಿ ಎರಡು ಪಾಲು ಓಟು ಬೇಕು. ಮೊದಲ ಬಾಗಿಲು ದಾಟದೆ ಎರಡನೇದಕ್ಕೆ ಹೋಗೋಕೆ ಆಗೋಲ್ಲ ಅಂತ ಅದೇ ನ್ಯಾಯಾಲಯ 1950ರಲ್ಲಿ ಹೇಳಿಬಿಟ್ಟಿದೆ. ಅಂದರೆ ಇಡೀ ಊರು ಒಪ್ಪಿದರೂ ಒಬ್ಬ ಗೌಡ ಒಪ್ಪದಿದ್ದರೆ ಮುಗೀತು.

ತಟ್ಟಿದ ಬಾಗಿಲು

1974ರ ನವೆಂಬರ್‌ನಲ್ಲಿ ಯಾಸರ್ ಅರಾಫತ್ ಮಹಾಸಭೆಯಲ್ಲಿ ಮಾತಾಡಿದರು. ಅದೇ ತಿಂಗಳ 22ನೇ ತಾರೀಖು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಗೆ ವೀಕ್ಷಕರ ಸ್ಥಾನ ಸಿಕ್ಕಿತು. ವೀಕ್ಷಕ ಅಂದರೆ ನೋಡಬಹುದು, ಕೇಳಬಹುದು, ಓಟು ಹಾಕೋ ಹಾಗಿಲ್ಲ. 1988ರ ನವೆಂಬರ್ 15ರಂದು ಆಲ್ಜಿಯರ್ಸಿನಲ್ಲಿ ಪ್ಯಾಲೆಸ್ತೀನ್ ರಾಜ್ಯದ ಘೋಷಣೆ ಆಯಿತು. ಆ ವರ್ಷ ನ್ಯೂಯಾರ್ಕಿಗೆ ಬಂದು ಮಾತಾಡೋಕೆ ಅರಾಫತ್‌ಗೆ ಅಮೆರಿಕ ವೀಸಾ ಕೊಡಲಿಲ್ಲ. ಮಹಾಸಭೆ ತಾನೇ ಎದ್ದು ಜಿನೀವಾಕ್ಕೆ ಹೋಗಿ ಅವರ ಮಾತು ಕೇಳಿತು. 37 ವರ್ಷ ಆದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಅದೇ ಕತೆ. ಮಹಮೂದ್ ಅಬ್ಬಾಸ್ ಅವರಿಗೆ ಅಮೆರಿಕ ವೀಸಾ ಕೊಡಲಿಲ್ಲ. ವೀಡಿಯೋ ಮೂಲಕ ಮಾತಾಡಲಿ ಅಂತ ಮಹಾಸಭೆ 145 ಓಟುಗಳಿಂದ ತೀರ್ಮಾನಿಸಿತು. ವಿರುದ್ಧ ಬಿದ್ದದ್ದು ಬರೀ 5.

2011ರ ಸೆಪ್ಟೆಂಬರ್ 23ರಂದು ಅಬ್ಬಾಸ್ ಪೂರ್ಣ ಸದಸ್ಯತ್ವಕ್ಕೆ ಅರ್ಜಿ ಕೊಟ್ಟರು. ಭದ್ರತಾ ಮಂಡಳಿಯ ಸಮಿತಿ ಒಮ್ಮತ ಇಲ್ಲ ಅಂತ ಅದನ್ನ ಮೂಲೆಗಿಟ್ಟಿತು. ಅದೇ ವರ್ಷ ಅಕ್ಟೋಬರ್ 31ರಂದು ಯುನೆಸ್ಕೋ 107 ಓಟುಗಳಿಂದ ಪ್ಯಾಲೆಸ್ತೀನನ್ನ ಸದಸ್ಯನನ್ನಾಗಿ ಸೇರಿಸಿಕೊಂಡಿತು. ವಿರುದ್ಧ 14 ಓಟು. ಯುನೆಸ್ಕೋದಲ್ಲಿ ವೀಟೋ ಇಲ್ಲ, ಅದಕ್ಕೇ ಇದು ಸಾಧ್ಯವಾಯ್ತು. ತಕ್ಷಣ ಅಮೆರಿಕ ಯುನೆಸ್ಕೋಗೆ ಕೊಡ್ತಿದ್ದ ಹಣ ನಿಲ್ಲಿಸಿತು. ಆ ಸಂಸ್ಥೆಯ ಬಜೆಟ್ಟಿನಲ್ಲಿ ನೂರಕ್ಕೆ 22ರಷ್ಟು ಅಮೆರಿಕದ ಪಾಲೇ ಇತ್ತು. ಮಕ್ಕಳ ಓದು, ಹಳೇ ಸ್ಮಾರಕಗಳ ರಕ್ಷಣೆ ನೋಡಿಕೊಳ್ಳೋ ಸಂಸ್ಥೆ ಅದು. ಯಾರನ್ನೋ ಪಂಕ್ತಿಯಲ್ಲಿ ಕೂರಿಸಿದರು ಅಂತ ಇಡೀ ಊಟಕ್ಕೇ ಕಲ್ಲು ಹಾಕೋದು ನಮಗೇನು ಹೊಸದಲ್ಲ.

2012ರ ನವೆಂಬರ್ 29ರಂದು ಮಹಾಸಭೆ 138 ಓಟುಗಳಿಂದ ಪ್ಯಾಲೆಸ್ತೀನನ್ನ 'ಸದಸ್ಯನಲ್ಲದ ವೀಕ್ಷಕ ರಾಜ್ಯ' ಅಂತ ಒಪ್ಪಿತು. ಈ ಮಾತಿನಲ್ಲಿ 'ರಾಜ್ಯ' ಅನ್ನೋ ಪದ ಇರೋದನ್ನ ಗಮನಿಸಿ. 2015ರ ಏಪ್ರಿಲ್ 1ರಿಂದ ಪ್ಯಾಲೆಸ್ತೀನ್ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ. 2024ರ ಏಪ್ರಿಲ್ 18ರಂದು ಸದಸ್ಯತ್ವದ ಪ್ರಶ್ನೆ ಮತ್ತೆ ಭದ್ರತಾ ಮಂಡಳಿಗೆ ಬಂತು. ಅಲ್ಜೀರಿಯಾ ಠರಾವು ಮಂಡಿಸಿತು. 15ರಲ್ಲಿ 12 ಜನ ಪರ. ಬ್ರಿಟನ್ನು ಸ್ವಿಟ್ಜರ್ಲೆಂಡು ತಟಸ್ಥ. ವಿರುದ್ಧ ಒಂದೇ ಒಂದು ಕೈ ಎದ್ದಿತು, ಅಮೆರಿಕದ್ದು. ಅದು ವೀಟೋ. ಠರಾವು ಸತ್ತಿತು.

ಮೂರೇ ವಾರದಲ್ಲಿ, ಮೇ 10ರಂದು, ಮಹಾಸಭೆ 143 ಓಟುಗಳಿಂದ ಪ್ಯಾಲೆಸ್ತೀನಿಗೆ ಸದಸ್ಯತ್ವದ ಅರ್ಹತೆ ಇದೆ, ಭದ್ರತಾ ಮಂಡಳಿ ಇನ್ನೊಮ್ಮೆ ನೋಡಲಿ ಅಂತ ಹೇಳಿತು. ವಿರುದ್ಧ 9, ತಟಸ್ಥರು 25. ಆ ವರ್ಷ ಸೆಪ್ಟೆಂಬರ್‌ನಿಂದ ಪ್ಯಾಲೆಸ್ತೀನಿನ ಪ್ರತಿನಿಧಿ ಅಕ್ಷರಮಾಲೆಯ ಪ್ರಕಾರ ಶ್ರೀಲಂಕಾ ಮತ್ತು ಸೂಡಾನಿನ ನಡುವೆ ಕೂತರು. ಠರಾವು ಮಂಡಿಸಬಹುದು, ತಿದ್ದುಪಡಿ ಕೊಡಬಹುದು. ಓಟು ಹಾಕೋ ಹಾಗಿಲ್ಲ, ಭದ್ರತಾ ಮಂಡಳಿಗೆ ನಿಲ್ಲೋ ಹಾಗಿಲ್ಲ. ಒಳಗೆ ಬಾ, ಕೂತ್ಕೋ, ಮಾತಾಡು, ಕೈ ಮಾತ್ರ ಎತ್ತಬೇಡ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್, ಫ್ರಾನ್ಸ್ ಕೂಡ ಪ್ಯಾಲೆಸ್ತೀನ್ ರಾಜ್ಯವನ್ನ ಮಾನ್ಯ ಮಾಡಿದವು. ಆ ತಿಂಗಳ ಕೊನೆಗೆ 193 ಸದಸ್ಯ ರಾಷ್ಟ್ರಗಳಲ್ಲಿ 157 ಮಾನ್ಯ ಮಾಡಿದ್ದವು.

ಅಡ್ಡಿ ಹೇಳುವವರ ಮಾತುಗಳು

ವಿರುದ್ಧ ಇರೋರ ವಾದಗಳನ್ನ ನಾವು ಒಂದೊಂದಾಗಿ ನೋಡಬೇಕು. ಬೈದು ಬಾಯಿ ಮುಚ್ಚಿಸೋದು ಸುಲಭ, ಉತ್ತರ ಕೊಡೋದು ಕಷ್ಟ. ನಾವು ಕಷ್ಟದ ದಾರೀನೇ ಹಿಡಿಯೋಣ.

ಒಂದು. ಗಡಿ ತೀರ್ಮಾನ ಆಗಿಲ್ಲ, ಗಡಿ ಇಲ್ಲದ್ದು ರಾಜ್ಯ ಹೇಗಾಗುತ್ತೆ ಅಂತಾರೆ. ಉತ್ತರ 1948ರಲ್ಲೇ ಇದೆ. ಇಸ್ರೇಲಿನ ಅರ್ಜಿ ಭದ್ರತಾ ಮಂಡಳಿಯ ಮುಂದೆ ಬಂದಾಗ ಇದೇ ಆಕ್ಷೇಪಣೆ ಎದ್ದಿತ್ತು. ಆಗ ಗಡಿ ಪೂರಾ ಗೊತ್ತಾಗದಿದ್ದರೂ ರಾಜ್ಯ ರಾಜ್ಯವೇ, ನಮ್ಮ ದೇಶದ ಗಡಿಯೂ ಮೊದಲು ಹಾಗೇ ಇತ್ತು ಅಂತ ವಾದಿಸಿದವರು ಅಮೆರಿಕದ ಪ್ರತಿನಿಧಿ ಫಿಲಿಪ್ ಜೆಸ್ಸಪ್. 1949ರ ಮೇ 11ರಂದು ಇಸ್ರೇಲು ಸೇರಿದಾಗ ಅದಕ್ಕೆ ಇದ್ದದ್ದು ಕದನ ವಿರಾಮದ ಗೆರೆಗಳು ಮಾತ್ರ. ಅಂದು ಸರಿಯಾದ ವಾದ ಇಂದು ತಪ್ಪಾಗೋದು ಹೇಗೆ? ಅಳತೆಗೋಲು ಒಂದೇ ಇರಬೇಕು. ಕೊಡೋವಾಗ ಒಂದು ಸೇರು, ತಗೊಳ್ಳೋವಾಗ ಇನ್ನೊಂದು ಸೇರು ಇಟ್ಟುಕೊಂಡಿರೋ ಸಾಹುಕಾರನ ಲೆಕ್ಕ ನಮಗೆ ಗೊತ್ತು.

ಎರಡು. ತನ್ನ ನೆಲದ ಮೇಲೆ ಪೂರ್ತಿ ಅಧಿಕಾರ ಇಲ್ಲದ ಸರ್ಕಾರ ಸದಸ್ಯ ಹೇಗಾಗುತ್ತೆ ಅಂತಾರೆ. ಗೆಳೆಯರೇ, 1945ರಲ್ಲಿ ವಿಶ್ವಸಂಸ್ಥೆಯ ಮೂಲ ಸದಸ್ಯರ ಪಟ್ಟಿಯಲ್ಲಿ ಭಾರತ ಇತ್ತು. ಆಗ ದೆಹಲಿಯಲ್ಲಿ ಆಳ್ತಿದ್ದದ್ದು ಯಾರು? ಬ್ರಿಟಿಷ್ ವೈಸ್‌ರಾಯ್. ಸ್ವಾತಂತ್ರ್ಯ ಬರೋಕೆ ಇನ್ನೂ ಎರಡು ವರ್ಷ ಇತ್ತು. ಸೋವಿಯತ್ ಒಕ್ಕೂಟದ ಭಾಗಗಳೇ ಆಗಿದ್ದ ಉಕ್ರೇನು, ಬೈಲೋರಷ್ಯಾಗಳೂ ಅದೇ ಪಟ್ಟಿಯಲ್ಲಿದ್ದವು. ಪ್ಯಾಲೆಸ್ತೀನಿನ ಸರ್ಕಾರಕ್ಕೆ ಅಧಿಕಾರ ಕಮ್ಮಿ ಇರೋದು ಅದರ ನೆಲವನ್ನ ಇನ್ನೊಬ್ಬರು ಹಿಡಿದಿರೋದರಿಂದ. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಆ ನೆಲದಲ್ಲಿ ಇಸ್ರೇಲ್ ಇರೋದೇ ಕಾನೂನುಬಾಹಿರ, ಆದಷ್ಟು ಬೇಗ ಬಿಟ್ಟು ಹೋಗಬೇಕು ಅಂತ ಅಭಿಪ್ರಾಯ ಕೊಟ್ಟಿದೆ. ಕೈ ಕಟ್ಟಿಹಾಕಿ, ಆಮೇಲೆ ನಿನಗೆ ಕೈ ಆಡಿಸೋಕೆ ಬರೋಲ್ಲ ಅನ್ನೋದು ಯಾವ ನ್ಯಾಯ?

ಮೂರು. ಮೊದಲು ಇಬ್ಬರೂ ಕೂತು ಮಾತಾಡಲಿ, ಒಪ್ಪಂದ ಆಗಲಿ, ಆಮೇಲೆ ಸದಸ್ಯತ್ವ ಅಂತಾರೆ. ಅಮೆರಿಕ ವೀಟೋ ಹಾಕೋವಾಗ ಕೊಟ್ಟ ಮುಖ್ಯ ಕಾರಣವೂ ಇದೇ. ಕೇಳೋಕೆ ಹಿತವಾಗಿದೆ. 1993ರ ಸೆಪ್ಟೆಂಬರ್‌ನಲ್ಲಿ ಓಸ್ಲೋ ಒಪ್ಪಂದ ಆಯಿತು. ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ ಇಸ್ರೇಲಿನ ಇರುವಿಕೆಯನ್ನ ಬರವಣಿಗೆಯಲ್ಲಿ ಒಪ್ಪಿತು. ಅದಕ್ಕೆ ಬದಲಾಗಿ ಇಸ್ರೇಲು ಆ ಸಂಘಟನೆಯನ್ನ ಜನರ ಪ್ರತಿನಿಧಿ ಅಂತ ಮಾತ್ರ ಒಪ್ಪಿತು, ರಾಜ್ಯ ಅಂತ ಒಪ್ಪಲಿಲ್ಲ. 30 ವರ್ಷ ಮಾತುಕತೆ, ಮುರಿದ ಮಾತುಕತೆ, ಮತ್ತೆ ಮಾತುಕತೆ. ಈ ನಡುವೆ ಪಶ್ಚಿಮ ದಂಡೆಯಲ್ಲೂ ಪೂರ್ವ ಜೆರುಸಲೇಮಿನಲ್ಲೂ ಇಸ್ರೇಲಿ ವಸಾಹತುಗಾರರ ಸಂಖ್ಯೆ ಸುಮಾರು 7 ಲಕ್ಷಕ್ಕೆ ಬಂತು. 2024ರ ಜುಲೈ 18ರಂದು ಇಸ್ರೇಲಿನ ಸಂಸತ್ತು ಪ್ಯಾಲೆಸ್ತೀನ್ ರಾಜ್ಯವೇ ಬೇಡ ಅಂತ 68 ಓಟುಗಳಿಂದ ಠರಾವು ಮಾಡಿತು, ವಿರುದ್ಧ ಬಿದ್ದದ್ದು 9. ಜಮೀನು ಹಿಡಿದವನು ಬಿಡೋದೇ ಇಲ್ಲ ಅಂತ ಬರೆದುಕೊಟ್ಟ ಮೇಲೆ, ಅವನು ಒಪ್ಪೋವರೆಗೂ ನಿನ್ನ ಪಹಣಿಯಲ್ಲಿ ಹೆಸರು ಹತ್ತಿಸೋಲ್ಲ ಅಂದರೆ ಆ ಹೆಸರು ಯಾವತ್ತೂ ಹತ್ತೋದಿಲ್ಲ. ಅದೂ ಅಲ್ಲದೆ, ಎದುರಿನವನ ಒಪ್ಪಿಗೆ ಬೇಕು ಅನ್ನೋ ಷರತ್ತು 4ನೇ ಕಲಮಿನಲ್ಲಿ ಎಲ್ಲಿದೆ? ಇಸ್ರೇಲು ಸೇರೋವಾಗ ಪ್ಯಾಲೆಸ್ತೀನಿಯರ ಒಪ್ಪಿಗೆ ಕೇಳಿದ್ದರಾ?

ನಾಲ್ಕು. ಇದು ಗಟ್ಟಿಯಾದ ಪ್ರಶ್ನೆ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯವರು ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನ ಕೊಂದರು, ಸುಮಾರು 250 ಜನರನ್ನ ಒತ್ತೆ ಹಿಡಿದು ಕೊಂಡೊಯ್ದರು. ಇಂಥವರಿಗೆ ಸದಸ್ಯತ್ವವೇ ಅಂತ ಕೇಳ್ತಾರೆ. ಅಂದು ನಡೆದದ್ದು ಕೊಲೆ. ಅದಕ್ಕೆ ಬೇರೆ ಹೆಸರಿಡೋಕೆ ನಾವು ತಯಾರಿಲ್ಲ. ಮನೆಯಲ್ಲಿದ್ದ ಮುದುಕರನ್ನ, ಹಾಡು ಕೇಳೋಕೆ ಬಂದಿದ್ದ ಹುಡುಗ ಹುಡುಗಿಯರನ್ನ ಕೊಲ್ಲೋದು ವಿಮೋಚನೆ ಅಲ್ಲ. ಅದಾದ ಮೇಲೆ ಗಾಜಾದಲ್ಲಿ ಇಸ್ರೇಲು ನಡೆಸಿದ ದಾಳಿಯಲ್ಲಿ ಸತ್ತವರ ಸಂಖ್ಯೆ 2025ರ ಜುಲೈ ಕೊನೆಗೆ 60,000 ದಾಟಿತ್ತು ಅಂತ ಗಾಜಾದ ಆರೋಗ್ಯ ಇಲಾಖೆಯ ಲೆಕ್ಕ. ಅವರಲ್ಲಿ ಸಾವಿರಾರು ಮಕ್ಕಳು. ಅದೂ ಕೊಲೆಯೇ. ಆದರೆ ಅರ್ಜಿ ಹಾಕಿರೋದು ಹಮಾಸ್ ಅಲ್ಲ. ವಿಮೋಚನಾ ಸಂಘಟನೆಯ ನಾಯಕತ್ವದಲ್ಲಿರೋ ರಾಜ್ಯ. ಹಿಂಸೆ ಬಿಟ್ಟಿದ್ದೀವಿ ಅಂತ 1993ರಲ್ಲೇ ಬರೆದುಕೊಟ್ಟವರು ಅವರು. ಅವರ ಅರ್ಜಿಯನ್ನ ಪದೇಪದೇ ತಿರಸ್ಕರಿಸಿದರೆ ಲಾಭ ಯಾರಿಗೆ? ನೋಡಿ, ಕಾಗದ ಪತ್ರ ಹಿಡಿದು ಹೋದವರಿಗೆ ಏನು ಸಿಕ್ಕಿತು ಅಂತ ಬಂದೂಕು ಹಿಡಿದವನು ಕೇಳ್ತಾನೆ. ಅವನ ಬಾಯಿಗೆ ಆ ಮಾತು ಕೊಡ್ತಿರೋದು ವೀಟೋ.

ಐದು. ಆಡಳಿತ ಸರಿ ಇಲ್ಲ, ಪಶ್ಚಿಮ ದಂಡೆಯಲ್ಲಿ ಒಬ್ಬರು, ಗಾಜಾದಲ್ಲಿ ಇನ್ನೊಬ್ಬರು, 2006ರಿಂದ ಸಂಸತ್ತಿನ ಚುನಾವಣೆಯೇ ಇಲ್ಲ ಅಂತಾರೆ. ನಿಜ. 2007ರಿಂದ ಎರಡು ಕಡೆಯೂ ಬೇರೆಬೇರೆ ಆಡಳಿತ ನಡೆದದ್ದು ನಿಜ. ಅಲ್ಲಿನ ಜನರೇ ಇದನ್ನ ದೂರ್ತಾರೆ, ನಾವು ಮುಚ್ಚಿಡಬೇಕಾಗಿಲ್ಲ. ಆದರೆ 2011ರಲ್ಲಿ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ವರದಿಗಳೇ ಪ್ಯಾಲೆಸ್ತೀನಿನ ಆಡಳಿತ ಸಂಸ್ಥೆಗಳು ಒಂದು ರಾಜ್ಯ ನಡೆಸೋ ಮಟ್ಟಕ್ಕೆ ಬಂದಿವೆ ಅಂತ ಹೇಳಿದ್ದವು. ಆಗಲೂ ಸೇರಿಸಿಕೊಳ್ಳಲಿಲ್ಲ. ಒಳ್ಳೆ ಆಡಳಿತ ಇದ್ದರೂ ಇಲ್ಲ, ಕೆಟ್ಟ ಆಡಳಿತ ಇದ್ದರೂ ಇಲ್ಲ. ಚುನಾವಣೆಯೇ ಇಲ್ಲದ ರಾಜರುಗಳು, ಸೇನಾಧಿಕಾರಿಗಳು ವಿಶ್ವಸಂಸ್ಥೆಯಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ಒಮ್ಮೆ ಎಣಿಸಿ.

ತಡೆದವರೂ ಕೊನೆಗೆ ಬಿಟ್ಟಿದ್ದಾರೆ

ಇದನ್ನೆಲ್ಲ ಕೇಳಿ, ವೀಟೋ ಇರೋವರೆಗೂ ಏನೂ ಆಗೋಲ್ಲ ಬಿಡಿ ಅಂತ ನಿಮಗನ್ನಿಸಬಹುದು. ನಮ್ಮ ಅಕ್ಕಪಕ್ಕದ ದೇಶಗಳ ಕತೆಯನ್ನೇ ನೋಡೋಣ.

ಸಿಲೋನ್ 1948ರಲ್ಲಿ ಸ್ವತಂತ್ರವಾಯಿತು. ಅದು ನಿಜವಾಗಿ ಸ್ವತಂತ್ರ ಆಗಿಲ್ಲ, ಬ್ರಿಟಿಷರ ಬಾಲ ಅಂತ ಸೋವಿಯತ್ ಒಕ್ಕೂಟ ತಡೆಯಿತು. ಅಮೆರಿಕದ ಕಡೆಯವರು ಸೋವಿಯತ್ ಗೆಳೆಯರನ್ನ ತಡೆದರು. ನೇಪಾಳವೂ ಈ ಜಗಳದ ನಡುವೆ ಸಿಕ್ಕಿಹಾಕಿಕೊಂಡಿತು. ಕೊನೆಗೆ 1955ರ ಡಿಸೆಂಬರ್ 14ರಂದು ಎರಡೂ ಕಡೆಯವರು ರಾಜಿಯಾಗಿ ಒಂದೇ ದಿನ 16 ದೇಶಗಳನ್ನ ಸೇರಿಸಿಕೊಂಡರು. ಸಿಲೋನು, ನೇಪಾಳ, ಜೋರ್ಡಾನ್ ಎಲ್ಲ ಅದರಲ್ಲಿದ್ದವು.

ಬಾಂಗ್ಲಾದೇಶ 1971ರಲ್ಲಿ ಬಿಡುಗಡೆಯಾಯಿತು. 1972ರ ಆಗಸ್ಟ್ 25ರಂದು ಅದರ ಅರ್ಜಿಗೆ ಚೀನಾ ವೀಟೋ ಹಾಕಿತು. ಆ ಚೀನಾವೇ 1971ರ ಅಕ್ಟೋಬರ್‌ವರೆಗೆ ತನ್ನ ಜಾಗಕ್ಕಾಗಿ 20 ವರ್ಷಕ್ಕೂ ಮೇಲೆ ಹೊರಗೆ ನಿಂತಿದ್ದ ದೇಶ! ಒಳಗೆ ಬಂದ ಮರುವರ್ಷವೇ ಇನ್ನೊಬ್ಬನಿಗೆ ಬಾಗಿಲು ಹಾಕಿತು. ಮೆಟ್ಟಿಲು ಹತ್ತಿದವನು ಏಣಿ ಎಳೆದುಕೊಳ್ಳೋದು ಅಂದರೆ ಇದೇ. ಆದರೂ ಬಾಂಗ್ಲಾದೇಶವನ್ನ ಮಾನ್ಯ ಮಾಡೋ ದೇಶಗಳು ಹೆಚ್ಚುತ್ತಾ ಹೋದವು, ಕೊನೆಗೆ ಪಾಕಿಸ್ತಾನವೇ 1974ರಲ್ಲಿ ಮಾನ್ಯ ಮಾಡಿತು. ಆ ವರ್ಷ ಸೆಪ್ಟೆಂಬರ್ 17ರಂದು ಬಾಂಗ್ಲಾದೇಶ ಒಳಗೆ ಹೋಯಿತು. ವಿಯೆಟ್ನಾಮಿಗೂ ಅಮೆರಿಕ ವೀಟೋ ಹಾಕಿತ್ತು, 1977ರಲ್ಲಿ ಅದೂ ಸೇರಿತು. ವೀಟೋ ಹಾಕೋ ಕೈ ತಾನಾಗಿ ಕೆಳಗಿಳಿಯೋಲ್ಲ. ಹಾಕಿದವನಿಗೆ ಜಗತ್ತಿನ ಮುಂದೆ ಮುಖ ತೋರಿಸೋದು ಕಷ್ಟ ಆಗುತ್ತಾ ಹೋದಾಗ ಇಳಿಯುತ್ತೆ.

ಮಹಾಡಿನ ಚರಿತ್ರೆಯನ್ನ ನೀವೆಲ್ಲ ಓದಿದ್ದೀರಿ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಠರಾವು ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಿದರು. ಆಮೇಲೂ ಕೋರ್ಟಿನಲ್ಲಿ 1937ರವರೆಗೆ ಬಡಿದಾಡಬೇಕಾಯ್ತು. ಆದರೂ ಆ ಹಳೇ ಠರಾವು ದಂಡ ಆಗಲಿಲ್ಲ, ಅದನ್ನ ಕೈಯಲ್ಲಿ ಹಿಡಿದೇ ಕೆರೆಗೆ ಹೋದದ್ದು. ಮಹಾಸಭೆಯ 138, 143 ಓಟುಗಳನ್ನ ನಾವು ಹಾಗೆ ನೋಡಬೇಕು.

ಸೇರಿದರೆ ಏನಾಗುತ್ತೆ, ಏನಾಗೋಲ್ಲ

ಸದಸ್ಯತ್ವ ಸಿಕ್ಕ ಮರುದಿನ ಬೆಳಿಗ್ಗೆ ಇಸ್ರೇಲಿನ ಸೈನ್ಯ ಹಿಂದಕ್ಕೆ ಹೋಗೋಲ್ಲ. ಒಡೆದ ಮನೆ ಎದ್ದು ನಿಲ್ಲೋಲ್ಲ. ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯ ಪಟ್ಟಿಯಲ್ಲಿರೋ ಸುಮಾರು 59 ಲಕ್ಷ ನಿರಾಶ್ರಿತರು ಊರಿಗೆ ಹಿಂತಿರುಗೋಲ್ಲ. ಹಾಗಂತ ಸುಳ್ಳು ಭರವಸೆ ಕೊಡೋದು ಬೇಡ.

ಆಗೋದು ಏನು? ಮಾತುಕತೆಯ ಮೇಜಿನ ಎರಡೂ ಕಡೆ ರಾಜ್ಯಗಳು ಕೂರ್ತವೆ. ಈಗ ಒಂದು ಕಡೆ ರಾಜ್ಯ, ಇನ್ನೊಂದು ಕಡೆ ಅರ್ಜಿದಾರ. ಆ ನೆಲ 'ವಿವಾದದ ನೆಲ' ಅನ್ನೋ ಮಾತಿಗೆ ಬೆಲೆ ಹೋಗುತ್ತೆ. ಒಂದು ಸದಸ್ಯ ರಾಷ್ಟ್ರದ ನೆಲವನ್ನ ಇನ್ನೊಂದು ಸದಸ್ಯ ರಾಷ್ಟ್ರ ಹಿಡಿದಿದೆ ಅಂತ ನೇರವಾಗಿ ಹೇಳಬೇಕಾಗುತ್ತೆ. ತಮ್ಮ ಬದುಕಿನ ಪ್ರಶ್ನೆ ಬಂದಾಗ ಪ್ಯಾಲೆಸ್ತೀನಿಯರು ತಾವೇ ಓಟು ಹಾಕ್ತಾರೆ. ಜೊತೆಗೆ ಅವರ ಮೇಲೆ ಹೊಣೆಯೂ ಬೀಳುತ್ತೆ. ಬಲ ಬಳಸಿ ಇನ್ನೊಂದು ದೇಶದ ಮೇಲೆ ಹೋಗಬಾರದು ಅನ್ನೋ ಸನ್ನದಿನ ಮಾತು ಅವರಿಗೂ ಕಟ್ಟು. ಇಸ್ರೇಲಿನ ಜನಕ್ಕೂ ಇದರಲ್ಲಿ ನಷ್ಟ ಇಲ್ಲ. ಅವರ ರಾಜ್ಯದ ಪಕ್ಕ ಇನ್ನೊಂದು ರಾಜ್ಯ ಅಂತ ಒಪ್ಪಿ ಸಹಿ ಹಾಕಿದ ನೆರೆಯವನು ಅವರಿಗೆ ಸಿಗ್ತಾನೆ.

ನಮ್ಮ ದೇಶ, ನಮ್ಮ ಕೆಲಸ

ಭಾರತ 1947ರಲ್ಲಿ ಪಾಲಿನ ವಿರುದ್ಧ, 1949ರಲ್ಲಿ ಇಸ್ರೇಲ್ ಸದಸ್ಯತ್ವದ ವಿರುದ್ಧ ಓಟು ಹಾಕಿದ ದೇಶ. 1988ರ ನವೆಂಬರ್ 18ರಂದು, ಘೋಷಣೆಯಾದ ಮೂರೇ ದಿನಕ್ಕೆ, ಪ್ಯಾಲೆಸ್ತೀನ್ ರಾಜ್ಯವನ್ನ ಮಾನ್ಯ ಮಾಡಿತು. 1992ರಲ್ಲಿ ಇಸ್ರೇಲಿನ ಜೊತೆಯೂ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. 2011, 2012, 2024ರ ಮೇ, ಈ ಮೂರೂ ಸಲ ಪ್ಯಾಲೆಸ್ತೀನಿನ ಪರ ಓಟು ಹಾಕಿದೆ. ಇದು ಸರಿ. ಆದರೆ ನ್ಯಾಯಾಲಯದ ಅಭಿಪ್ರಾಯವನ್ನ ಜಾರಿಗೆ ತರಬೇಕು ಅನ್ನೋ ಠರಾವು 2024ರ ಸೆಪ್ಟೆಂಬರ್ 18ರಂದು ಬಂದಾಗ, 124 ದೇಶ ಪರವಾಗಿದ್ದಾಗ, ಭಾರತ ತಟಸ್ಥವಾಗಿ ಕೂತಿತು. ಸದಸ್ಯತ್ವ ಕೊಡಿ ಅಂತೀವಿ, ನೆಲ ಬಿಡಿ ಅನ್ನೋಕೆ ನಾಲಿಗೆ ತಡವರಿಸುತ್ತೆ. ನೆಲ ಇಲ್ಲದ ಸದಸ್ಯತ್ವ ಯಾವ ಉಪಯೋಗಕ್ಕೆ? ಈ ಪ್ರಶ್ನೆಯನ್ನ ನಮ್ಮ ಸರ್ಕಾರಕ್ಕೆ ಕೇಳೋ ಹಕ್ಕು ನಮಗಿದೆ.

ಇನ್ನು ನಮ್ಮ ಹಾಸ್ಟೆಲುಗಳಲ್ಲಿ ಈ ಮಾತು ಬಂದಾಗ ಎರಡು ಎಚ್ಚರ ಬೇಕು. ಇದನ್ನ ಹಿಂದೂ ಮುಸ್ಲಿಂ ಜಗಳ ಮಾಡೋಕೆ ಕಾಯ್ತಾ ಇರೋರು ಇದ್ದಾರೆ. ಅವರ ಬಲೆಗೆ ಬೀಳಬೇಡಿ. ಪ್ಯಾಲೆಸ್ತೀನಿಯರಲ್ಲಿ ಮುಸಲ್ಮಾನರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಇದು ನೆಲದ ಪ್ರಶ್ನೆ, ಓಟಿನ ಪ್ರಶ್ನೆ. ಎರಡನೇದು, ಇಸ್ರೇಲ್ ಸರ್ಕಾರವನ್ನ ಟೀಕಿಸೋ ಭರದಲ್ಲಿ ಯೆಹೂದಿಗಳನ್ನ ಹೀನಾಯವಾಗಿ ಆಡಬೇಡಿ. ಹುಟ್ಟನ್ನ ಹಿಡಿದು ಒಂದು ಜನವನ್ನ ಹಳಿಯೋದು ಏನು ಅಂತ ಚೆನ್ನಾಗಿ ಗೊತ್ತಿರೋ ನಾವು ಆ ಕೆಲಸ ಮಾಡಿದರೆ ಬೇರೆ ಯಾರಿಗೆ ಬುದ್ಧಿ ಹೇಳೋಣ?

ಪ್ರತಿ ಹಾಸ್ಟೆಲಿನಲ್ಲೂ ಒಂದು ಸಂಜೆ ಕೂತು ಇದನ್ನ ಚರ್ಚೆ ಮಾಡಿ. ಸನ್ನದಿನ 4ನೇ ಕಲಮನ್ನ ಒಬ್ಬರು ಓದಿ ಹೇಳಿ. ವಿರುದ್ಧ ವಾದ ಮಾಡೋಕೂ ಒಬ್ಬರನ್ನ ನಿಲ್ಲಿಸಿ, ಅವರು ಗಟ್ಟಿಯಾಗೇ ವಾದ ಮಾಡಲಿ. ಆಮೇಲೆ ನಿಮ್ಮ ಠರಾವನ್ನ ಬರೆದು, ಎಲ್ಲರ ಸಹಿ ಹಾಕಿಸಿ, ವಿದೇಶಾಂಗ ಮಂತ್ರಿಗೂ ನಿಮ್ಮ ಲೋಕಸಭಾ ಸದಸ್ಯರಿಗೂ ಕಳಿಸಿ. ಭದ್ರತಾ ಮಂಡಳಿಯಲ್ಲಿ ಅರ್ಜಿ ಮತ್ತೆ ಬರಬೇಕು, ಬಂದಾಗಲೆಲ್ಲ ಭಾರತ ಅದರ ಪರ ಇರಬೇಕು, ನೆಲ ಬಿಡಿಸೋ ಠರಾವುಗಳಲ್ಲೂ ತಟಸ್ಥ ಕೂರಬಾರದು ಅಂತ ಅದರಲ್ಲಿರಲಿ. ಒಂದು ಪ್ರತಿಯನ್ನ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.

ಜೈ ಭೀಮ್.